ಇತ್ತಲಾರಿನಿಂದ ಮಂಗಳಕ್ಕೆ ಎಂಟು ದಿನ

ಮಂಗಳಗ್ರಹಕ್ಕೆ ಮನುಷ್ಯನನ್ನು ಕಳಿಸಲು ಸರ್ಕಾರವೇನೂ ಬೇಕಾಗಿಲ್ಲ, ನಾಲ್ಕು ಜನ ಸಾಹುಕಾರರು ಮನಸ್ಸು ಮಾಡಿದರೆ ಸಾಕು ಎಂದು ಗುರುಸ್ವಾಮಿ ತೀರ್ಮಾನಿಸಿದ್ದು 2001ರ ಮೇ ತಿಂಗಳ ಒಂದು ಶನಿವಾರ, ಊಟಿ ಬೆಟ್ಟದ ಇತ್ತಲಾರಿನ ತನ್ನ ಬೀಜ ಗೊಬ್ಬರದ ಅಂಗಡಿಯಲ್ಲಿ, ಬೀಟ್‌ರೂಟ್ ಬೀಜ ತೂಗುತ್ತಿದ್ದಾಗ. ತೀರ್ಮಾನ ಚಿಕ್ಕದಲ್ಲ. ಆದರೆ ಗುರುಸ್ವಾಮಿಯೂ ಸಾಮಾನ್ಯನಲ್ಲ. ಗುಂಡ್ಲುಪೇಟೆ ಸೀಮೆಯಿಂದ ಬೆಳ್ಳುಳ್ಳಿ ಬೆಳೆಯಲೆಂದು ಬೆಟ್ಟ ಹತ್ತಿ ಬಂದ ಮನೆತನದಲ್ಲಿ ಬಿ.ಎಸ್ಸಿ. ಮಾಡಿದವನು ಅವನೇ ಮೊದಲು. ಪದವಿ ಪತ್ರಕ್ಕೆ ಗಾಜು ಹಾಕಿಸಿ ಯೂರಿಯಾ ಮೂಟೆಗಳ ಮೇಲೆ ನೇತುಹಾಕಿದ್ದ. ಹುಳದ ಔಷಧಿ ಕೇಳಲು ಬಂದವರು ಮೊದಲು ಅದಕ್ಕೆ ಕೈ ಮುಗಿಯುತ್ತಿದ್ದರು. ದೇವರ ಪಟ ಅಲ್ಲವೆಂದು ಗೊತ್ತಾದ ಮೇಲೆ ಮುಗಿದ ಕೈಯನ್ನು ಹಾಗೇ ಇಳಿಸುವುದೆಂತು ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಅವನ ತೀರ್ಮಾನಕ್ಕೆ ಕಾರಣವಿತ್ತು. ಆ ತಿಂಗಳ ಮೊದಲ ವಾರವಷ್ಟೇ ಒಬ್ಬ ಸಾಹುಕಾರ ತನ್ನ ಜೇಬಿನ ದುಡ್ಡು ಕೊಟ್ಟು, ರಾಕೆಟ್ಟಿನಲ್ಲಿ ಟಿಕೆಟ್ ಹಿಡಿದು, ಬಾಹ್ಯಾಕಾಶ ನಿಲ್ದಾಣ ನೋಡಿಕೊಂಡು ಕ್ಷೇಮವಾಗಿ ಇಳಿದಿದ್ದ. ಇಂದು ನಿಲ್ದಾಣ, ನಾಳೆ ಮಂಗಳ. ಊರಿನ ಯುವಕ ಸಂಘದವರು ಅದೇ ವಿಷಯ ಹಿಡಿದು ಮುಂದಿನ ಭಾನುವಾರ ಸಂಜೆಗೆ ಒಂದು ಚರ್ಚೆ ಇಟ್ಟಿದ್ದರು: ಖಾಸಗಿ ಹಣದಲ್ಲಿ ಮನುಷ್ಯ ಮಂಗಳಕ್ಕೆ ಹೋಗಬಲ್ಲನೇ? ಹೋಗಬಲ್ಲ ಎಂದು ಗುರುಸ್ವಾಮಿ. ಆಗದು ಎಂದು ಕುಂದಾ ಪವರ್‌ಹೌಸಿನ ಮೆಕ್ಯಾನಿಕ್ ಮಹಾಲಿಂಗಂ.

ಮಹಾಲಿಂಗಂ ಆ ಶನಿವಾರ ಕ್ಯಾರೆಟ್ ಬೀಜಕ್ಕೆಂದು ಬಂದವನು ಅಂಗಡಿಯಲ್ಲೇ ಚರ್ಚೆ ಶುರುಮಾಡಿಬಿಟ್ಟ.

"ದುಡ್ಡಿನ ಮಾತು ಬಿಡಿ ಸ್ವಾಮಿ. ಹಾದಿ ಎಂಟು ತಿಂಗಳದು. ಡಬ್ಬದೊಳಗೆ ಎಂಟು ತಿಂಗಳು ಮನುಷ್ಯ ಹೆಂಗಿರ್ತಾನೆ? ನಾನು ಪವರ್‌ಹೌಸ್‌ನಲ್ಲಿ ಒಂದು ಶಿಫ್ಟ್ ಒಬ್ಬನೇ ಇದ್ದರೆ ಟರ್ಬೈನ್ ಹತ್ರ ಮಾತಾಡೋಕೆ ಶುರು ಮಾಡ್ತೀನಿ."

"ಟರ್ಬೈನ್ ಏನನ್ನುತ್ತೆ?"

"ಕೇಳಿಸಿಕೊಳ್ಳುತ್ತೆ. ಮನೇಲಿ ಅದೂ ಇಲ್ಲ."

"ಅದು ನಿಮ್ಮ ದೌರ್ಬಲ್ಯ. ಓದಿದವನಿಗೆ ಒಂಟಿತನ ಅನ್ನೋದೇ ಇಲ್ಲ. ನಾನು ಇದ್ದು ತೋರಿಸ್ತೀನಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ಭವ್ಯವಾದ ಮಾತೆಂದು ಗುರುಸ್ವಾಮಿಗೇ ಹೊಳೆಯಿತು. ಹೌದು, ಇದ್ದು ತೋರಿಸಬೇಕು. ಒಂದು ತಿಂಗಳಿಗೆ ಒಂದು ದಿನದಂತೆ ಎಂಟು ದಿನ. ಭಾನುವಾರ ಬಾಗಿಲು ಹಾಕಿಕೊಂಡರೆ ಮುಂದಿನ ಭಾನುವಾರ ಬಾಗಿಲು ತೆಗೆದು ನೇರ ವೇದಿಕೆಗೆ. ಭಾರತದ ಮೊದಲ ಖಾಸಗಿ ಮಂಗಳಯಾತ್ರೆ ಇತ್ತಲಾರಿನ ಎರಡು ಕೋಣೆಯ ಬಾಡಿಗೆ ಮನೆಯಿಂದ ಹೊರಡಲಿದೆ.

ಮನೆಗೆ ಬಂದಾಗ ಹೆಂಡತಿ ಪ್ರೇಮಲತಾ ಮಗಳ ಫ್ರಾಕುಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಮಾರನೆಯ ಬೆಳಿಗ್ಗೆ ತಾಯಿ ಮಗಳು ಬೇಸಿಗೆ ರಜೆಗೆ ತೆರಕಣಾಂಬಿಗೆ, ಅವಳ ತವರಿಗೆ ಹೊರಟಿದ್ದರು. ಗುರುಸ್ವಾಮಿ ಕಾಲು ತೊಳೆಯುವುದಕ್ಕೂ ಮುಂಚೆ ಯೋಜನೆಯನ್ನು ಪೂರ್ತಿ ವಿವರಿಸಿದ.

"ಅಷ್ಟು ದುಡ್ಡು ಸುರಿದು ಹೋಗೋಕೆ ಅಲ್ಲೇನೈತಂತೆ?" ಎಂದಳು ಪ್ರೇಮಲತಾ.

"ಕೆಂಪು ಮಣ್ಣು."

"ಕೆಂಪು ಮಣ್ಣು ನಮ್ಮೂರಲ್ಲೇ ಬೇಕಾದಷ್ಟು ಐತಲ್ಲ. ಬಸ್ ಚಾರ್ಜಲ್ಲಿ ಮುಗೀತಿತ್ತು."

"ನಿನಗೆ ಹೇಳಿ ಪ್ರಯೋಜನವಿಲ್ಲ."

"ಹೋದೋನು ಯಾರ ಹತ್ರ ಮಾತಾಡ್ತಾನೆ?"

"ಮಾತು ಯಾಕೆ ಬೇಕು? ಹೊಟ್ಟೆಗೆ, ಉಸಿರಿಗೆ ಇಷ್ಟು ಇದ್ದರೆ ಮನುಷ್ಯ ಎಲ್ಲಿ ಬೇಕಾದರೂ ಇರ್ತಾನೆ. ನನಗೆ ಎಂಟು ದಿನ ಅಲ್ಲ, ಎಂಟು ವರ್ಷ ಯಾರ ಮಾತೂ ಬೇಡ."

ಪ್ರೇಮಲತಾ ಮಡಿಸಿದ್ದ ಫ್ರಾಕನ್ನೇ ಬಿಚ್ಚಿದಳು. ಮತ್ತೆ ಮಡಿಸಿದಳು.

"ಒಂದು ಮಾತು ಕೇಳ್ಬೇಕಿತ್ತು. ಮಗೂನ ಒಂದನೇ ಕ್ಲಾಸಿಗೆ ಸೇರಿಸ್ಬೇಕು. ನಮ್ಮೂರಲ್ಲಿ ಸೇರಿಸ್ಕೊಳ್ಳೋಕೆ ಶುಕ್ರವಾರ ಮಧ್ಯಾಹ್ನ ಕೊನೆಯಂತೆ. ಅಲ್ಲೇ ಸೇರಿಸಿ ನಾನೂ ಅಲ್ಲೇ ಇದ್ದುಬುಡಲಾ, ಇಲ್ಲಾ ವಾಪಸ್ ಬರಲಾ? ನೀವು ಹೇಳಿದಂಗೆ."

ಗುರುಸ್ವಾಮಿ ಆಗ ದಿನಕ್ಕೆ ಎಷ್ಟು ಹಿಡಿ ಅವಲಕ್ಕಿ ಬೇಕೆಂದು ಪೆನ್ಸಿಲಿನಲ್ಲಿ ಗುಣಿಸುತ್ತಿದ್ದ. "ಗುರುವಾರ ಚಂದ್ರನ್ ಬೂತಿಗೆ ಫೋನ್ ಮಾಡು, ಹೇಳ್ತೀನಿ," ಎಂದ. "ಅದೊಂದು ಮಾತಿಗೆ ಮಾತ್ರ ಯಾತ್ರೆಯಲ್ಲಿ ವಿನಾಯಿತಿ."

"ಹೂಂ," ಎಂದಳು ಪ್ರೇಮಲತಾ.

ಭಾನುವಾರ ಅವರನ್ನು ಬಸ್ಸು ಹತ್ತಿಸಿ, ಎಸ್‌ಟಿಡಿ ಬೂತಿನ ಚಂದ್ರನ್‌ಗೆ ಗುರುವಾರ ಫೋನು ಬಂದರೆ ತಕ್ಷಣ ಬಂದು ಕರೆಯಬೇಕೆಂದು ಎರಡೆರಡು ಸಲ ಹೇಳಿ, ಗುರುಸ್ವಾಮಿ ಉಡ್ಡಯನಕ್ಕೆ ಅಣಿಯಾದ. ಕಿಟಕಿಗಳಿಗೆ ಹಳೆಯ ಪತ್ರಿಕೆ ಅಂಟಿಸಿದ. ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ, ಖಗೋಳ ವೀಕ್ಷಣೆಗೆಂದು, ಅಂಗೈ ಅಗಲ ಜಾಗ ಬಿಟ್ಟ. ಅವಲಕ್ಕಿ, ಹುರಿಹಿಟ್ಟು, ಕಡಲೆಕಾಯಿ, ಮಾವಿನ ಉಪ್ಪಿನಕಾಯಿ, ಎರಡು ಬಿಂದಿಗೆ ನೀರು. ಗಡ್ಡ ಕೆರೆಯುವುದಿಲ್ಲ, ರೇಡಿಯೋ ಇಲ್ಲ, ಒಲೆ ಇಲ್ಲ. ಒಂದೇ ತೊಡಕೆಂದರೆ ಗಗನನೌಕೆಯ ಕಕ್ಕಸು ಅಂಗಳದ ಆಚೆ ತುದಿಯಲ್ಲಿತ್ತು. ಇತ್ತಲಾರಿನ ಹಟ್ಟಿಯಲ್ಲಿ ಮನೆಗಳೆಲ್ಲ ಒಂದೇ ಸಾಲು, ಗೋಡೆಗೆ ಗೋಡೆ ಅಂಟಿ, ಎಲ್ಲರಿಗೂ ಸೇರಿ ಮುಂದೆ ಒಂದೇ ಅಂಗಳ. ಆದ್ದರಿಂದ ದಿನಕ್ಕೆ ಎರಡು ಸಲ ಬಾಹ್ಯಾಕಾಶ ನಡಿಗೆ ಅನಿವಾರ್ಯವಾಯಿತು. ಅದಕ್ಕೆ ಉಡುಪು ಬೇಡವೇ? ಮನೆಯಲ್ಲಿದ್ದ ಬಿಳಿ ಹೊದಿಕೆಯನ್ನು ತಲೆಯಿಂದ ಹಿಮ್ಮಡಿವರೆಗೆ ಸುತ್ತಿಕೊಂಡ. ಹೊರಗಿನ ಧೂಳು ನೌಕೆಯೊಳಗೆ ಬರಬಾರದೆಂದು ಚಪ್ಪಲಿ ಬಿಟ್ಟ.

ಮೊದಲ ನಡಿಗೆಯಲ್ಲೇ ಪಕ್ಕದ ಮನೆಯ ತಂಗಮ್ಮ ಎದುರಾದಳು. ಅರವತ್ತು ದಾಟಿದ, ಆ ಸೀಮೆಯ ಬಡಗ ಜನಾಂಗದ ಹೆಂಗಸು, ಬೆಟ್ಟದ ಇಳಿಜಾರಿನಲ್ಲಿ ಚೂರು ಚಹಾ ತೋಟ, ಬಾಯಿ ಮಾತ್ರ ದೊಡ್ಡ ಎಸ್ಟೇಟು.

"ಏನಣ್ಣಾ ಇದು, ಮೈಗೆ ಉಸಾರಿಲ್ಲವಾ?"

ಗುರುಸ್ವಾಮಿ ತುಟಿಯ ಮೇಲೆ ಬೆರಳಿಟ್ಟ. ಹಿರಿಯಳ ಮನಸ್ಸು ನೋಯಬಾರದೆಂದು ಕೈ ಜೋಡಿಸಿದ. ಆಕಾಶ ತೋರಿಸಿದ. ಎಂಟು ಬೆರಳು ಎತ್ತಿ ತೋರಿಸಿದ. ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಆ ಹೊತ್ತಿಗೆ ಅವನಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಾವು ಈಗಲೇ ತಿಳಿದುಕೊಂಡರೆ ತಪ್ಪಿಲ್ಲ. ಬಡಗರ ಕುಲದೇವತೆ ಹೆತ್ತೆಯಮ್ಮನ ಹಬ್ಬದ ಹೊತ್ತಿನಲ್ಲಿ ಬಿಳಿ ಹೊದ್ದು ಬರಿಗಾಲಲ್ಲಿ ನಡೆಯುವ ಹರಕೆಯವರನ್ನು ಆ ಹಟ್ಟಿ ಹುಟ್ಟಿದಂದಿನಿಂದ ಕಂಡಿದೆ. ಆ ವರ್ಷ ಚಹಾ ಸೊಪ್ಪಿನ ಬೆಲೆ ನೆಲ ಕಚ್ಚಿತ್ತು. ಅಂಗಳದ ಮಾತೆಲ್ಲ ಅದೇ. ಹೀಗಿರುವಾಗ ಊರಿಗೆ ಗೊಬ್ಬರ ಕೊಡುವ, ಓದಿದ, ಎಂದೂ ಗುಡಿಯ ಮುಂದೆ ನಿಲ್ಲದ ಮನುಷ್ಯ, ಹೆಂಡತಿ ಮಗುವನ್ನು ತವರಿಗೆ ಕಳಿಸಿ, ಗಡ್ಡ ಬಿಟ್ಟು, ಒಲೆ ಆರಿಸಿ, ಬಿಳಿ ಹೊದ್ದು, ಆಕಾಶಕ್ಕೆ ಕೈ ತೋರಿಸಿ, ಎಂಟು ದಿನವೆಂದು ಬಾಯಿ ಕಟ್ಟಿಕೊಂಡರೆ ಯಾರೇ ಆಗಲಿ ಏನೆಂದುಕೊಳ್ಳಬೇಕು? ತಂಗಮ್ಮ ಸೀದಾ ಹಟ್ಟಿಯ ಯಜಮಾನ ಹಿರಿಯನ ಹತ್ತಿರ ಹೋದಳು. ಹಿರಿಯ ಹೆಸರಿಗೂ ಹಿರಿಯ, ಮಾತಿಗೂ ಹಿರಿಯ. ಅವನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಎಮ್ಮ ಸೊಪ್ಪಿಗಾಗಿ ಹರಕೆ ಹೊತ್ತವನೆ. ಪರ ಊರವನಾದರೂ ಎಂಥಾ ಮನಸು ನೋಡು. ಯಾರೂ ಮಾತಾಡಿಸಬೇಡಿ. ಮಾತಾಡಿಸಿದರೆ ಹರಕೆ ಕೆಡುತ್ತೆ."

ಸೋಮವಾರ ಯಾತ್ರೆ ಸುಗಮವಾಗಿತ್ತು. ಗುರುಸ್ವಾಮಿ ಭಾಷಣಕ್ಕೆ ಅಂಶಗಳನ್ನು ಬರೆದ. ಖರ್ಚಿಗೆ ಟೀವಿಯವರಿದ್ದಾರೆ, ಸೋಪಿನ ಕಂಪನಿಗಳಿವೆ. ರಾಕೆಟ್ಟಿನ ಮೈಮೇಲೆ ಜಾಹೀರಾತು ಬರೆಯಲು ಎಷ್ಟೊಂದು ಜಾಗ. ಎರಡು ವರ್ಷಕ್ಕೊಮ್ಮೆ ಭೂಮಿಯೂ ಮಂಗಳವೂ ಹತ್ತಿರ ಬರುತ್ತವೆ, ಆಗ ಹೊರಡಬೇಕು. ಹಿಂದಿರುಗಲು ಮತ್ತೆ ಅಷ್ಟೇ ಕಾಯಬೇಕು. ಹಿಂದಿರುಗುವ ಇಂಧನ ಹೊರುವುದು ಬಲು ಕಷ್ಟ. ಆದ್ದರಿಂದ ಹೋದವರು ಹಿಂದಿರುಗದೇ ಅಲ್ಲೇ ನೆಲೆಸುವುದು ಅಗ್ಗ. ಇದನ್ನು ಬರೆದು ಅಡಿಗೆರೆ ಎಳೆದ. ಬಹಳ ಒಳ್ಳೆಯ ಅಂಶವೆನ್ನಿಸಿತು.

ಮಂಗಳವಾರ ಬೆಳಿಗ್ಗೆ ಹೊಸ್ತಿಲಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಮೂರು ಗಡ್ಡೆ ಬೆಳ್ಳುಳ್ಳಿ, ಒಂದು ಕಟ್ಟು ಕ್ಯಾರೆಟ್ ಇತ್ತು. ಭೂಮಿಯವರು ವಿಜ್ಞಾನಕ್ಕೆ ಕೊಡುತ್ತಿರುವ ಬೆಂಬಲವೆಂದು ಗುರುಸ್ವಾಮಿ ಒಳಗೆ ತೆಗೆದುಕೊಂಡ. ಆದರೆ ಆ ಹೊತ್ತಿಗೆ ಇನ್ನೊಂದು ಬದಲಾವಣೆ ಅವನ ಕಿವಿಗೆ ಬಿದ್ದಿತ್ತು, ಅಥವಾ ಬಿದ್ದಿರಲಿಲ್ಲ ಎನ್ನಬೇಕು. ಗೋಡೆಯಾಚೆಯ ರೇಡಿಯೋ ನಿಂತಿತ್ತು. ನಾಯಿ ಬೊಗಳಿದರೆ ಯಾರೋ ಓಡಿಬಂದು ಎತ್ತಿಕೊಂಡು ಹೋಗುತ್ತಿದ್ದರು. ತಂಗಮ್ಮ ಕೋಳಿಗಳನ್ನು ಬಯ್ಯುವುದು ಕೂಡ ಪಿಸುಮಾತಿಗೆ ಇಳಿದಿತ್ತು. ಎಂಟು ವರ್ಷದಿಂದ ಆ ಬಾಯಿಗೆ ಶಾಪ ಹಾಕುತ್ತಿದ್ದವನು ಈಗ ಗೋಡೆಗೆ ಕಿವಿಯಿಟ್ಟು, ಇನ್ನೊಂದು ಸಲ ಬಯ್ಯಬಾರದೇ ಎಂದು ಕಾಯತೊಡಗಿದ.

ಬುಧವಾರ ಸೊಪ್ಪು ಕೊಳ್ಳುವ ವ್ಯಾನಿನವನು ಕಿಲೋಗೆ ಎಂಟಾಣೆ ಹೆಚ್ಚು ಕೊಟ್ಟ. ಯಾಕೆ ಕೊಟ್ಟನೋ ಅವನಿಗೇ ಗೊತ್ತಿರಲಿಲ್ಲ. ಹಟ್ಟಿಗೆ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೂಕಲ್ತೊರೈಯಿಂದ ಒಂದು ಜೀಪು ತುಂಬ ಜನ ಬಂದು ಅಂಗಳದಲ್ಲಿ ಕೂತರು. ಗುರುಸ್ವಾಮಿ ನಡಿಗೆಗೆ ಹೊರಬಂದಾಗ ಎದ್ದು ನಿಂತರು. ಅವನು ಮುಗುಳ್ನಕ್ಕ. ಅವರು ಕಣ್ಣು ತಗ್ಗಿಸಿದರು. ಅವನು ಬೇಕೆಂದೇ ಕೆಮ್ಮಿದ. ಅವರು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದರು. ಕಕ್ಕಸಿಗೆ ಹೋಗುವವನಿಗೆ ಇಷ್ಟು ಮರ್ಯಾದೆ ಸಲ್ಲಿಸಿದ ಜನ ಭೂಮಿಯ ಮೇಲೆ ಬೇರೆಲ್ಲೂ ಇರಲಾರರು. ಆದರೆ ಅವನಿಗೆ ಬೇಕಾಗಿದ್ದದ್ದು, ಹೋಗಲಿ, ಏನಣ್ಣಾ ಉಂಡೆಯಾ ಎಂಬ ಒಂದು ಮಾತು.

ಅವತ್ತು ಸಂಜೆ ಅವನು ಅಡುಗೆಮನೆಯ ಕಿಟಕಿಗೆ ಬಂದ. ಖಗೋಳವೆಲ್ಲ ಮಂಜಿನಲ್ಲಿ ಮುಚ್ಚಿಹೋಗಿತ್ತು. ಕಿಟಕಿಯ ಕೆಳಗೆ ಒಂದು ಮರದ ಸ್ಟೂಲಿತ್ತು. ಕೂತ. ಕೂತರೆ ಆ ಅಂಗೈ ಅಗಲದ ಗಾಜಿನಲ್ಲಿ ಸರಿಯಾಗಿ ಕಾಣುವುದು ರಸ್ತೆಯ ತಿರುವು, ಊಟಿಯಿಂದ ಬಸ್ಸು ಬರುವ ತಿರುವು. ಬೇರೇನೂ ಕಾಣುವುದಿಲ್ಲ. ಸ್ಟೂಲಿನ ಕಾಲು ನೆಲದಲ್ಲಿ ನಾಲ್ಕು ಗುಳಿ ಮಾಡಿತ್ತು. ಅದು ಅಲ್ಲೇ ಎಷ್ಟು ವರ್ಷದಿಂದ ಇದೆ, ಯಾರು ಕೂರುತ್ತಾರೆ, ಯಾತಕ್ಕೆ ಎಂದು ಅವನು ಕೇಳಿರಲಿಲ್ಲ. ಐದೂವರೆಯ ಬಸ್ಸು ದೀಪ ಹಾಕಿಕೊಂಡು ಬಂತು, ತಿರುಗಿತು, ಹೋಯಿತು. ಗುರುಸ್ವಾಮಿ ಅವಲಕ್ಕಿ ತಟ್ಟೆಯನ್ನು ಪಕ್ಕಕ್ಕಿಟ್ಟ.

ಗುರುವಾರ ಅವನು ಬೆಳಿಗ್ಗೆ ಏಳಕ್ಕೇ ಬಾಗಿಲ ಹಿಂದೆ ಚಾಪೆ ಹಾಸಿಕೊಂಡು ಕೂತ. ಚಂದ್ರನ್ ಬಂದು ಕರೆದರೆ ಓಡಬೇಕಲ್ಲ. ಏನು ಹೇಳಬೇಕೆಂಬುದೂ ಸಿದ್ಧವಾಗಿತ್ತು: ವಾಪಸ್ ಬಾ. ಎರಡೇ ಮಾತು. ಬರಿಯ 'ಬಾ' ಎಂದರೆ ಸಾಕೇ, 'ಬಂದ್ಬಿಡು' ಎನ್ನಬೇಕೇ, 'ನೀನಿಲ್ಲದೆ ಆಗಲ್ಲ' ಎಂದರೆ ಬಿ.ಎಸ್ಸಿ.ಗೆ ಕುಂದು ಬರುತ್ತದೆಯೇ ಎಂದು ಹತ್ತು ಗಂಟೆವರೆಗೆ ಚರ್ಚಿಸಿದ. ಹನ್ನೊಂದಕ್ಕೆ ಹೆಜ್ಜೆ ಸದ್ದಾಯಿತು. ಎದ್ದು ನಿಂತ. ಯಾರೋ ಹಾಲಿನ ಚೊಂಬು ಇಟ್ಟು ತುದಿಗಾಲಲ್ಲಿ ಹೊರಟುಹೋದರು. ಒಂದು ಗಂಟೆಗೆ ಮತ್ತೆ ಸದ್ದು. ಒಂದು ಹೂಕೋಸು. ಮೂರಕ್ಕೆ ಮಳೆ ಬಂತು. ಐದೂವರೆಯ ಬಸ್ಸು ಬಂತು, ಹೋಯಿತು. ಬೂತು ಮುಚ್ಚುವ ಹೊತ್ತು ದಾಟಿತು.

ಅವಳು ಫೋನು ಮಾಡಲೇ ಇಲ್ಲ ಎಂದುಕೊಂಡ. ಮಾಡಬೇಕೆಂದು ಅವಳಿಗೆ ಅನ್ನಿಸಿರಲಿಕ್ಕಿಲ್ಲ. ಗುರುಸ್ವಾಮಿ ಚಾಪೆ ಸುತ್ತಲಿಲ್ಲ, ಅದರ ಮೇಲೇ ಉರುಳಿಕೊಂಡ.

ಶುಕ್ರವಾರ ಹನ್ನೆರಡರ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಐದು ತಿಂಗಳ ಹಾದಿಯಲ್ಲಿ, ಮಂಗಳಕ್ಕೆ ಇನ್ನೂ ಮೂರು ತಿಂಗಳಿರುವಾಗ, ನೌಕೆಯ ಬಾಗಿಲು ಧಡಾರನೆ ತೆರೆಯಿತು.

ಅಂಗಳದಲ್ಲಿ ಮೂವತ್ತು ಜನ ಕೂತಿದ್ದರು.

"ಫೋನ್ ಬಂದಿತ್ತಾ?" ಎಂದ ಗುರುಸ್ವಾಮಿ. ಐದು ದಿನ ಸುಮ್ಮನಿದ್ದ ಗಂಟಲು ಕಪ್ಪೆಯಂತೆ ಒದರಿತು.

ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಹಿರಿಯ ಎರಡೂ ಕೈ ಎತ್ತಿ, ಬೇಡ ಬೇಡವೆಂದು ಸನ್ನೆ ಮಾಡಿ, ಬೆನ್ನು ತಿರುಗಿಸಿದ. ಮೂವತ್ತು ಜನವೂ ಬೆನ್ನು ತಿರುಗಿಸಿದರು.

"ತಂಗಮ್ಮಕ್ಕಾ, ನೀನಾದರೂ ಮಾತಾಡು. ಬೇಕಾದರೆ ಬಯ್ಯಿ."

ತಂಗಮ್ಮನ ಬೆನ್ನು ನಡುಗಿತು. ಅಳುತ್ತಿದ್ದಳು. ಆದರೆ ತಿರುಗಲಿಲ್ಲ.

ಗುರುಸ್ವಾಮಿ ಹೊದಿಕೆಯಲ್ಲೇ, ಬರಿಗಾಲಲ್ಲೇ, ಚಹಾ ಗಿಡಗಳ ನಡುವಿನ ಕಾಲುದಾರಿಯಲ್ಲಿ ರಸ್ತೆಗೆ ಓಡಿದ. ಹಿಂದೆ, ಮರ್ಯಾದೆಯ ದೂರ ಬಿಟ್ಟು, ಮೂವತ್ತು ಜನ ಸದ್ದಿಲ್ಲದೆ ಓಡಿಬಂದರು. ಬೂತಿನಲ್ಲಿದ್ದ ಚಂದ್ರನ್ ಈ ಮೆರವಣಿಗೆಯನ್ನು ಕಂಡವನೇ ಮೇಜಿನ ಕೆಳಗೆ ಕೂತುಬಿಟ್ಟ. ಚಂದ್ರನ್ ಗೂಡಲೂರಿನ ಕಡೆಯ ಮಲೆಯಾಳಿ. ಮಾತೇ ಅವನ ವ್ಯಾಪಾರ. ಅವನು ಬಾಯಿ ಮುಚ್ಚಿಕೊಂಡಿದ್ದನ್ನು ಕಂಡು ಗುರುಸ್ವಾಮಿಗೆ ನಿಜಕ್ಕೂ ದಿಗಿಲಾಯಿತು.

"ಚಂದ್ರನ್, ಏಳು ಮೇಲೆ."

"ಮಾತಾಡಬೇಡಿ ಸ್ವಾಮೀ," ಎಂದು ಮೇಜಿನ ಕೆಳಗಿನಿಂದ ಧ್ವನಿ ಬಂತು. "ನಿಮ್ಮ ವ್ರತ ನನ್ನಿಂದ ಕೆಟ್ಟರೆ ಹಟ್ಟಿಯವರು ನನ್ನ ಬೂತಿಗೆ ಕಾಲಿಡಲ್ಲ."

"ಯಾವ ವ್ರತ?"

"ಸೊಪ್ಪಿನ ರೇಟ್ ವ್ರತ. ಎಂಟಾಣೆ ಏರಿತಲ್ಲ."

"ನಾನು ಯಾವ ವ್ರತಾನೂ ಹಿಡಿದಿಲ್ಲ ಮಾರಾಯ. ಮಂಗಳಗ್ರಹಕ್ಕೆ ಹೊರಟಿದ್ದೆ."

ಮೇಜಿನ ಅಂಚಿನಿಂದ ಚಂದ್ರನ್‌ನ ತಲೆ ಅರ್ಧ ಮೇಲೆ ಬಂತು. "ಅದೂ ಒಂದು ಕ್ಷೇತ್ರವಾ?"

"ನಿನ್ನೆ ಫೋನ್ ಬಂತಾ ಇಲ್ಲವಾ, ಅಷ್ಟು ಹೇಳು."

ಚಂದ್ರನ್ ನಿಧಾನವಾಗಿ ಎದ್ದ. "ಬಂತು. ಮೂರು ಸಲ. ಮೂರು ಸಲಾನೂ ಓಡಿಬಂದೆ. ಮೂರು ಸಲಾನೂ ಹಿರಿಯಣ್ಣ ಅಂಗಳದಲ್ಲೇ ತಡೆದು ವಾಪಸ್ ಕಳಿಸಿದರು."

"ಅವಳಿಗೆ ಏನು ಹೇಳಿದೆ?"

"ಇದ್ದದ್ದು ಹೇಳಿದೆ. ಚೇಚಿ, ಸ್ವಾಮಿಗೆ ಈಗ ಯಾರ ಮಾತೂ ಬೇಡವಂತೆ ಅಂತ."

ಗುರುಸ್ವಾಮಿ ರಿಸೀವರ್ ಎತ್ತಿದ. ತೆರಕಣಾಂಬಿಯ ಮಾವನ ಮನೆಯ ನಂಬರನ್ನು ಎರಡು ಸಲ ತಪ್ಪಾಗಿ ಒತ್ತಿ ಮೂರನೆಯ ಸಲ ಸರಿಯಾಗಿ ಒತ್ತಿದ. ಗಾಜಿನ ಹೊರಗೆ ಮೂವತ್ತು ಬೆನ್ನುಗಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ನಲವತ್ತು. ಫೋನೆತ್ತಿದ್ದು ಪ್ರೇಮಲತಾಳೇ.

"ಪ್ರೇಮಾ, ನಾನು."

"ಮುಗೀತಾ?"

ಅವನು ಹೇಳಿದ. ಹೊದಿಕೆ, ಹರಕೆ, ಎಂಟಾಣೆ, ಹೂಕೋಸು, ಹಿರಿಯ, ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಐದು ದಿನದ ಮಾತು ಒಟ್ಟಿಗೆ ಹೇಳಿದ. ಆ ಕಡೆಯಿಂದ ಒಂದು ಸಣ್ಣ ನಗೆ ಬಂದಂತಾಯಿತು. ಖಚಿತವಾಗಿ ಹೇಳಲಾಗದು, ಲೈನು ಗರಗರ ಎನ್ನುತ್ತಿತ್ತು.

"ಸೇರಿಸಿಬುಟ್ಟೆ ಕಣ್ರೀ," ಎಂದಳು. "ಈಗ ಬಂದೆ ಸ್ಕೂಲಿಂದ. ಹನ್ನೆರಡಕ್ಕೆ ಬಾಗಿಲು ಹಾಕ್ತೀವಿ ಅಂದ್ರು. ಐದು ನಿಮಿಷ ಇರೋವರ್ಗೂ ಕಾದೆ."

"ಬಾ ಅಂತ ಹೇಳೋಕೇ ನಿನ್ನೆಯೆಲ್ಲಾ ಬಾಗಿಲ ಹತ್ರ ಕೂತಿದ್ದೆ."

"ಇದ್ದಿರಬೈದು. ನಂಗೆ ಎಂಗೆ ಗೊತ್ತಾಗ್ಬೇಕು?"

ಏನಾದರೂ ಹೇಳಬೇಕು, ಲೈನು ಖಾಲಿ ಬಿಡಬಾರದು ಎಂದು ಗುರುಸ್ವಾಮಿ ಬಾಯಿಗೆ ಬಂದದ್ದನ್ನು ಹೇಳಿದ. "ನಾನು ಸೋತೆ ಕಣೆ. ಐದೇ ದಿನಕ್ಕೆ ಓಡಿಬಂದೆ. ಭಾನುವಾರ ಎದ್ದು ನಿಂತು, ಖಾಸಗಿ ದುಡ್ಡಲ್ಲಿ ಮನುಷ್ಯರನ್ನ ಅಷ್ಟು ದೂರ ಕಳಿಸೋದು ಆಗದ ಕೆಲಸ ಅಂತ ಒಪ್ಪಿಕೊಂಡುಬಿಡ್ತೀನಿ."

"ಯಾಕಾಗಲ್ಲ? ಧಾರಾಳವಾಗಿ ಆಯ್ತದೆ," ಎಂದಳು ಪ್ರೇಮಲತಾ. ಸಿಟ್ಟಿನ ಧ್ವನಿಯಲ್ಲ, ಅಡುಗೆಗೆ ಉಪ್ಪು ಎಷ್ಟೆಂದು ಹೇಳುವ ಧ್ವನಿ. "ನಮ್ಮಪ್ಪ ಸರ್ಕಾರದ ಒಂದು ಕಾಸೂ ಇಲ್ದೆ, ಎರಡು ವರ್ಸದ ಅರಿಸಿನದ ಬೆಳೆ ಮಾರಿ, ಮದ್ವೆ ಮಾಡಿ ನನ್ನ ಆ ಬೆಟ್ಟಕ್ಕೆ ಕಳಿಸ್ಲಿಲ್ವಾ? ಹೋಗೋ ಟಿಕೆಟ್ ಅಷ್ಟೇ. ಬರೋದು ಅಂತ ಯಾರೂ ಮಾತೇ ಆಡ್ಲಿಲ್ಲ. ಆ ಚಳೀಲಿ ಇಳುದ್ರೆ ನಾಕು ದಿಕ್ಕೂ ಮಂಜು, ಒಬ್ರ ಮಾತೂ ನಂಗೆ ತಿಳೀದು. ಆರು ವರ್ಸ ಇದ್ದೆ ಕಣ್ರೀ. ನೀವು ಐದು ದಿನ ಅಂತೀರಿ."

ಗುರುಸ್ವಾಮಿ ಬಿಳಿ ಹೊದಿಕೆಯ ಅಂಚಿನಿಂದ ಮುಖ ಒರೆಸಿಕೊಂಡ. ಹೊರಗೆ ಯಾರೋ, ಹರಕೆ ಕೆಟ್ಟಿತೋ ಉಳಿಯಿತೋ ಎಂದು ಪಿಸುಗುಟ್ಟಿದರು. ಇನ್ಯಾರೋ ಸುಮ್ಮನಿರಿಸಿದರು.

"ಭಾಷಣ ಬಿಡ್ತೀನಿ," ಎಂದ ಕೊನೆಗೆ. "ಇವತ್ತೇ ಬಸ್ ಹತ್ತಿ ಅಲ್ಲಿಗೆ ಬರ್ತೀನಿ."

"ಬಿಡಬೇಡಿ. ಭಾಷಣ ಮುಗಿಸೇ ಬನ್ನಿ. ಆಗ್ತದೆ ಅಂತ್ಲೇ ಹೇಳಿ. ಕಳಿಸೋಕೆ ದುಡ್ಡು ಯಾರು ಬೇಕಾದ್ರೂ ಹಾಕ್ತಾರೆ. ಅಲ್ಲಿಗೆ ಹೋದೋರ್ನ ಮಾತಾಡ್ಸೋರು ಯಾರು ಅಂತ ಆ ಮಹಾಲಿಂಗಂ ಕೇಳಿದ್ರೆ, ನೀವೇನೂ ಹೇಳೋಕೆ ಹೋಗ್ಬೇಡಿ, ಸುಮ್ಕೆ ಕೂತ್ಕಂಬುಡಿ. ಅದು ನಿಮಗೆ ಚೆನ್ನಾಗಿ ಬರ್ತದೆ."